ಪಟ್ಟಣಕ್ಕೆ ಬಂದವರಿಗೆ ಸಿಗೋ ಕೆಲಸ ಯಾವುದು?

ಜನ ಹಳ್ಳಿ ಬಿಟ್ಟು ಪಟ್ಟಣ ಸೇರಿದರೆ ದೇಶ ತಾನಾಗೇ ಮುಂದುವರಿಯುತ್ತಾ ಅಂತ ಕೇಳಿದ್ದೀರಿ. ಖಂಡಿತ ಇಲ್ಲ. ಅಲ್ಲಿ ಏನು ಕೆಲಸ ಸಿಗುತ್ತೆ ಅನ್ನೋದರ ಮೇಲೆ ಎಲ್ಲ ನಿಂತಿದೆ.

ಚೀನಾದ ಶೆನ್‌ಝೆನ್ 1980ರಲ್ಲಿ ವಿಶೇಷ ಆರ್ಥಿಕ ವಲಯ ಆಯ್ತು. ಕಾರ್ಖಾನೆ ಬಂದವು, ಹಿಂದೆಯೇ ಜನ ಬಂದರು. ಆಫ್ರಿಕಾದ ಅಂಗೋಲಾ ದೇಶದ ರಾಜಧಾನಿ ಲುವಾಂಡಾಕ್ಕೂ ಜನ ಬಂದರು, ಆದರೆ ಎಷ್ಟೋ ಮಂದಿ ಅಂತರ್ಯುದ್ಧಕ್ಕೆ ಹೆದರಿ. ದೇಶದ ರಫ್ತು ಆದಾಯದ ಬಹುಪಾಲು ತೈಲದ್ದು. ತೈಲಬಾವಿಗೆ ಬೇಕಾಗೋ ಆಳುಗಳೆಷ್ಟು ಹೇಳಿ? ಹಾಗಾಗಿ ಎಷ್ಟೋ ಹೆಂಗಸರು ಬೋಗುಣಿಯಲ್ಲಿ ಮೀನು, ಹಣ್ಣು ತಲೆ ಮೇಲೆ ಹೊತ್ತು ಬೀದಿ ಬೀದಿ ಮಾರುತ್ತಾರೆ. ದಿನವಿಡೀ ದುಡಿದರೂ ಅವರ ಗಳಿಕೆ ಬೆಳೆಯೋ ದಾರಿ ಇಲ್ಲ.

ಶೆನ್‌ಝೆನ್ ಕಥೆಯಲ್ಲೂ ಮನಸ್ಸಿಗೆ ಚುಚ್ಚೋದೊಂದಿದೆ: ಅಲ್ಲಿನ ಹುಕೌ, ಅಂದರೆ ಊರಿನ ಸರ್ಕಾರಿ ಶಾಲೆಯಂಥ ಸೌಲಭ್ಯಕ್ಕೆ ಬೇಕಾದ ನಿವಾಸಿ ನೋಂದಣಿ, ಸಿಗದ ಎಷ್ಟೋ ಕಾರ್ಮಿಕರು ಮಕ್ಕಳನ್ನು ಹಳ್ಳಿಯಲ್ಲಿ ಅಜ್ಜಿ-ತಾತನ ಹತ್ತಿರ ಬಿಟ್ಟೇ ದುಡಿದರು.