ಫೋನ್ ಕೊಟ್ಟಿದ್ದಕ್ಕೇ ಹೀಗಾಯ್ತಾ ಡಾಕ್ಟ್ರೇ?

ಪ್ರಶ್ನೆ: ಮಗನಿಗೆ ಮೂರೂವರೆ ವರ್ಷ. ಹೋದ ತಿಂಗಳು ಆಟಿಸಂ ಇದೆ ಎಂದರು. ಊಟ ಮಾಡಿಸುವಾಗ ನಾನು ಫೋನ್ ಕೊಟ್ಟಿದ್ದಕ್ಕೇ ಹೀಗಾಯಿತು ಅಂತಾರೆ ಅತ್ತೆ. ಅಕ್ಕನಿಗೆ ಎಂಎಂಆರ್ ಲಸಿಕೆ ಮೇಲೆ ಅನುಮಾನ. ನನಗೋ, ಬಸುರಿಯಾಗಿದ್ದಾಗ ಜ್ವರಕ್ಕೆ ನುಂಗಿದ ಪ್ಯಾರಾಸಿಟಮಾಲ್ ನೆನಪಾಗಿ ನಿದ್ದೆ ಬರುತ್ತಿಲ್ಲ. ಇನ್ನೊಂದು ಮಗು ಬೇಕು ಅಂತ ಆಸೆ, ಜೊತೆಗೆ ಭಯ.
– ಹೆಸರು ಬೇಡ

ಉತ್ತರ: ಮೂರು ಕಾರಣಗಳಲ್ಲಿ ಎರಡರ ತಪ್ಪು ನಿಮ್ಮ ತಲೆಗೇ ಬಂದಿದೆ, ಗಮನಿಸಿದಿರಾ? ಇದು ಹಳೇ ಚಾಳಿ. ಒಂದು ಕಾಲದಲ್ಲಿ ವೈದ್ಯರೇ 'ತಾಯಿ ಪ್ರೀತಿ ಸಾಲದೆ ಆಟಿಸಂ ಬರುತ್ತದೆ' ಎನ್ನುತ್ತಿದ್ದರು. 1977ರಲ್ಲಿ ಬ್ರಿಟನ್ನಿನಲ್ಲಿ, ಒಬ್ಬರಿಗಾದರೂ ಆಟಿಸಂ ಇದ್ದ 21 ಅವಳಿ ಜೋಡಿಗಳನ್ನು ಪರೀಕ್ಷಿಸಿದರು. 11 ತದ್ರೂಪಿ ಜೋಡಿಗಳ ಪೈಕಿ ನಾಲ್ಕರಲ್ಲಿ ಇಬ್ಬರಿಗೂ ಆಟಿಸಂ ಇತ್ತು. ತದ್ರೂಪಿಗಳಲ್ಲದ 10 ಜೋಡಿಗಳಲ್ಲಿ ಇಬ್ಬರಿಗೂ ಇದ್ದದ್ದು ಒಂದೂ ಇಲ್ಲ. ಎರಡೂ ಕಡೆ ಅವಳಿಗಳಿಗೆ ತಾಯಿ ಒಬ್ಬಳೇ, ಮನೆ ಒಂದೇ. ವ್ಯತ್ಯಾಸ ಇದ್ದದ್ದು ಜೀನ್‌ಗಳಲ್ಲಿ.

ಇದು ಒಂದು ಜೀನ್‌ನ ಕೆಲಸವಲ್ಲ, ನೂರಾರು ಸೇರಿರುತ್ತವೆ. ಕೆಲವು ಬದಲಾವಣೆಗಳು ಅಪ್ಪ ಅಮ್ಮ ಇಬ್ಬರಲ್ಲೂ ಇಲ್ಲದೆ ಮಗುವಿನಲ್ಲೇ ಹೊಸದಾಗಿ ಆಗುತ್ತವೆ. ತಂದೆಯ ವಯಸ್ಸು ಏರಿದಷ್ಟೂ ಇಂಥವು ಜಾಸ್ತಿ. (ಇದನ್ನು ಅತ್ತೆಗೆ ಹೇಳುವುದು ಬಿಡುವುದು ನಿಮಗೆ ಬಿಟ್ಟಿದ್ದು.) ತೀರಾ ಅವಧಿಗೆ ಮುಂಚೆ ಹುಟ್ಟಿದ ಮಕ್ಕಳಲ್ಲೂ ಸಾಧ್ಯತೆ ಸ್ವಲ್ಪ ಹೆಚ್ಚು. ಬಸುರಿನಲ್ಲಿ ತಾಯಿಗೆ ರುಬೆಲ್ಲಾ (ದಡಾರದಂಥ ಒಂದು ಸೋಂಕು) ಬಂದರೂ ಅಷ್ಟೇ. ಆ ರುಬೆಲ್ಲಾ ತಡೆಯುವುದೇ ನಿಮ್ಮಕ್ಕ ಅನುಮಾನಿಸುವ ಲಸಿಕೆ!

ಲಸಿಕೆಯ ಭಯ ಹುಟ್ಟಿಸಿದ್ದು 1998ರ ಒಂದು ಲೇಖನ. ಅದರಲ್ಲಿದ್ದದ್ದು ಬರೀ 12 ಮಕ್ಕಳು. 2010ರಲ್ಲಿ ಪ್ರಕಟಿಸಿದ ವೈದ್ಯಕೀಯ ಪತ್ರಿಕೆಯೇ ಅದನ್ನು ಹಿಂದಕ್ಕೆ ಪಡೆಯಿತು. 2019ರಲ್ಲಿ ಡೆನ್ಮಾರ್ಕ್‌ನವರು ಆರೂವರೆ ಲಕ್ಷ ಮಕ್ಕಳ ದಾಖಲೆ ಜಾಲಾಡಿದರೂ ನಂಟು ಸಿಗಲಿಲ್ಲ. ಒಬ್ಬ ತಾಯಿ ನನ್ನ ಹತ್ತಿರವೂ ಇದೇ ದೂರು ತಂದಿದ್ದರು. ಫೋನಿನಲ್ಲಿ ಮಗುವಿನ ಹಳೇ ವಿಡಿಯೋ ಇದ್ದರೆ ತೋರಿಸಿ ಎಂದೆ. ಹನ್ನೊಂದು ತಿಂಗಳ ಕೂಸು ಡಬ್ಬಿಯ ಮುಚ್ಚಳ ತಿರುಗಿಸುತ್ತಾ ಕೂತಿದೆ. ಹಿಂದಿನಿಂದ ಅಮ್ಮ ಮೂರು ಸಲ ಹೆಸರು ಕೂಗುತ್ತಾರೆ. ಕೂಸು ತಿರುಗುವುದೇ ಇಲ್ಲ. ಆಗಿನ್ನೂ ಆ ಲಸಿಕೆ ಹಾಕಿಸಿರಲಿಲ್ಲ. ಆಕೆ ಅದನ್ನು ಎರಡು ಸಲ ನೋಡಿ ಸುಮ್ಮನಾದರು.

ಪ್ಯಾರಾಸಿಟಮಾಲ್ ವಿಷಯ. ಸ್ವೀಡನ್‌ನಲ್ಲಿ ಸುಮಾರು 24.8 ಲಕ್ಷ ಮಕ್ಕಳ ಅಧ್ಯಯನ 2024ರಲ್ಲಿ ಬಂತು. ಒಂದೇ ತಾಯಿಯ ಮಕ್ಕಳನ್ನು ಹೋಲಿಸಿದಾಗ ಮಾತ್ರೆಗೂ ಆಟಿಸಂಗೂ ಸಂಬಂಧ ಕಾಣಲಿಲ್ಲ. ನೀವು ಮಲಗಿ ನಿದ್ದೆ ಮಾಡಿ. ಫೋನ್‌ನಿಂದ ಆಟಿಸಂ ಬಂದಿಲ್ಲ. ಆದರೂ ಊಟದ ಹೊತ್ತಿಗೆ ಪಕ್ಕಕ್ಕಿಡಿ, ಅವನ ಜೊತೆ ಮಾತಾಡಲು ಅಷ್ಟು ಹೊತ್ತು ಸಿಗುತ್ತದೆ.

ಇನ್ನೊಂದು ಮಗು? ಅಣ್ಣನಿಗೋ ಅಕ್ಕನಿಗೋ ಇದ್ದಾಗ ಮುಂದಿನ ಐದು ಮಕ್ಕಳಲ್ಲಿ ಸುಮಾರು ಒಂದಕ್ಕೆ ಬರುತ್ತದೆ, ನಾಲ್ಕಕ್ಕೆ ಇಲ್ಲ. ಮೊದಲು ಮಗನ ರಕ್ತದ ಜೆನೆಟಿಕ್ ಪರೀಕ್ಷೆ ಮಾಡಿಸಿ, ಫ್ರಜೈಲ್ ಎಕ್ಸ್ (ಆಟಿಸಂಗೆ ಕಾರಣವಾಗಬಹುದಾದ ಒಂದು ಜೀನ್ ದೋಷ) ಕೂಡ ಸೇರಿಸಿ. ಕಾರಣ ಸಿಕ್ಕಿದರೆ ನಿಮ್ಮ ಲೆಕ್ಕವೇ ಬದಲಾಗಬಹುದು. ನೀವು ಫಿಟ್ಸ್‌ಗೆ ವಾಲ್‌ಪ್ರೊಯೇಟ್ ತಗೊಳ್ತಾ ಇದ್ದರೆ ಬಸುರಿಯಾಗುವ ಮೊದಲೇ ಡಾಕ್ಟರಿಗೆ ತಿಳಿಸಿ. ಅದೊಂದರ ಅಪಾಯ ನಿಜವಾದದ್ದು. ಹಾಗಂತ ನೀವಾಗಿ ಮಾತ್ರೆ ನಿಲ್ಲಿಸಬೇಡಿ.