ಮಲಗುವ ಕೋಣೆಯಲ್ಲೇ ಕಚೇರಿ

ಪ್ರಶ್ನೆ: ಬೆಂಗಳೂರಿನ ಒಂದೇ ಕೋಣೆಯ ಬಾಡಿಗೆ ಮನೆಯಲ್ಲಿ, ಮಂಚದ ಪಕ್ಕದ ಮೇಜಿನಲ್ಲೇ ಕಚೇರಿ ಕೆಲಸ ಮಾಡುತ್ತೇನೆ. ಬರ್ನ್‌ಔಟ್‌ನಿಂದ (ಕೆಲಸದ ಒತ್ತಡ ತಂದ ತೀವ್ರ ದಣಿವಿನಿಂದ) ಬಳಲಿದ್ದೇನೆ. ಒಳಾಂಗಣ ಬದಲಿಸಿದರೆ ಪ್ರಯೋಜನವಿದೆಯೇ?

ಉತ್ತರ: ಸ್ವಲ್ಪ ಮಟ್ಟಿಗೆ ಇದೆ. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಬರ್ನ್‌ಔಟ್ ಅನ್ನು ಸರಿಯಾಗಿ ನಿಭಾಯಿಸದ ಕೆಲಸದ ಒತ್ತಡದ ಫಲವೆಂದು ವಿವರಿಸಿರುವುದರಿಂದ, ಕೆಲಸದ ಹೊರೆ ಇಳಿಯದೆ ಗೋಡೆಯ ಬಣ್ಣವೊಂದರಿಂದಲೇ ಅದು ವಾಸಿಯಾಗದು. ಹೊರೆ ಇಳಿಸುವ ಮಾತನ್ನು ಮೇಲಧಿಕಾರಿಯೊಡನೆಯೇ ಆಡಬೇಕು. ಮೇಜನ್ನು, ಬೆಳಕು ಪಕ್ಕದಿಂದ ಬೀಳುವಂತೆ, ಕಿಟಕಿಯ ಬಳಿಗೆ ಸರಿಸಿ, ಮಂಚದಿಂದ ಕಾಣದಂತೆ ನಡುವೆ ದಪ್ಪ ಪರದೆ ಇಳಿಬಿಡಿ. ಸಂಜೆ ಲ್ಯಾಪ್‌ಟಾಪ್, ಚಾರ್ಜರ್, ಕಡತಗಳನ್ನು ಕಪಾಟಿನೊಳಗಿಟ್ಟು ಬಾಗಿಲು ಹಾಕಿ, ಬಿಳಿ ಟ್ಯೂಬ್‌ಲೈಟ್ ಆರಿಸಿ, 2700 ಕೆಲ್ವಿನ್‌ನ (ಬೆಳಕಿನ ಬಣ್ಣದ ಅಳತೆ) ಹಳದಿ ದೀಪ ಹಚ್ಚಿರಿ. ಕಿಟಕಿಯಿಂದ ಮರಗಳು ಕಾಣುತ್ತಿದ್ದ ರೋಗಿಗಳು ಶಸ್ತ್ರಚಿಕಿತ್ಸೆಯ ನಂತರ ಬೇಗ ಚೇತರಿಸಿಕೊಂಡರೆಂದು ಅಮೆರಿಕದ ಸಂಶೋಧಕ ರೋಜರ್ ಉಲ್ರಿಚ್ 1984ರಲ್ಲೇ ವರದಿ ಮಾಡಿದ್ದರು. ದುಬಾರಿ ಪೀಠೋಪಕರಣಕ್ಕಿಂತ ಅಂಥ ನೋಟಕ್ಕೇ ನನ್ನ ಮತ.