ಓದುಗರ ಪ್ರಶ್ನೆ: ವಿನೀರ್ ಕತ್ತರಿಸಲು ಕಡಿಮೆ ಖರ್ಚಿನ ಅಗಲ ಉಳಿ

ಪ್ರಶ್ನೆ: 0.6 ಮಿ.ಮೀ. ದಪ್ಪದ ವಿನೀರನ್ನು (ಮರದ ತೆಳು ಹಾಳೆಯನ್ನು) 45 ಮಿ.ಮೀ. ಅಗಲದ ಪಟ್ಟಿಗಳಾಗಿ ಸೀಳಿ, ಅವನ್ನು ಅಡ್ಡಕ್ಕೆ ತುಂಡರಿಸಿ ಚೌಕ ಬಿಲ್ಲೆಗಳ ವಿನ್ಯಾಸ ಮಾಡುತ್ತಿದ್ದೇನೆ. ಚಾಕುವಿನಲ್ಲಿ ಕೊಯ್ದರೆ ಕೊನೆಯ ಮೂಲೆ ಸೀಳಿಹೋಗುತ್ತದೆ. ಒಂದೇ ಏಟಿಗೆ ಇಡೀ ಪಟ್ಟಿ ತುಂಡಾಗುವಷ್ಟು ಅಗಲದ ಉಳಿ ಬೇಕು. ಆದರೆ 50 ಮಿ.ಮೀ. ಉಳಿಗಳ ಬೆಲೆ ಸಣ್ಣ ಉಳಿಗಳಿಗಿಂತ ತುಂಬಾ ಹೆಚ್ಚು. ಪುಟ್ಟಿ ಬಳಿಯುವ ಪಟ್ಟಿಯನ್ನೇ ಮಸೆದು ಬಳಸಬಹುದೇ?

ಉತ್ತರ: ಪುಟ್ಟಿ ಪಟ್ಟಿ ಬೇಡ. ಅದು ಬಾಗಲೆಂದೇ ಮಾಡಿದ ತೆಳು ಉಕ್ಕು. ಏಟು ಬಿದ್ದ ಕೂಡಲೇ ಹೊಟ್ಟೆ ಉಬ್ಬಿಸಿಕೊಂಡು ಗೆರೆ ತಪ್ಪುತ್ತದೆ, ಮಸೆದ ಅಲಗೂ ಹೆಚ್ಚು ಹೊತ್ತು ನಿಲ್ಲುವುದಿಲ್ಲ.

ಅಗಲದ ಉಳಿಯ ಬದಲು ಉಜ್ಜುಗೊರಡಿನ, ಅಂದರೆ ಮರ ಹೆರೆದು ನುಣುಪು ಮಾಡುವ ಉಪಕರಣದ ಬ್ಲೇಡು ಕೊಳ್ಳಿ. ಕಬ್ಬಿಣದ ಮೈಯ ಉಜ್ಜುಗೊರಡುಗಳಲ್ಲಿ 4 ಮತ್ತು 5ನೇ ನಂಬರಿನ ಬ್ಲೇಡು ಸಾಮಾನ್ಯವಾಗಿ 50 ಮಿ.ಮೀ. ಅಗಲ ಇರುತ್ತದೆ, 6 ಮತ್ತು 7ನೇ ನಂಬರಿನದು 60 ಮಿ.ಮೀ. ನಿಮ್ಮ 45 ಮಿ.ಮೀ. ಪಟ್ಟಿಗೆ 50 ಸಾಲುತ್ತದೆ, ಆದರೆ ಎರಡೂ ಬದಿಗೆ ಎರಡೂವರೆ ಮಿ.ಮೀ. ಮಾತ್ರ ಉಳಿಯುತ್ತದೆ. ಮುಂದೆ 60 ಡಿಗ್ರಿ ಓರೆಯಲ್ಲಿ ವಜ್ರಾಕಾರದ ಬಿಲ್ಲೆ ಕತ್ತರಿಸುವ ಯೋಚನೆಯಿದ್ದರೆ ಕತ್ತರಿಸುವ ಉದ್ದ ಸುಮಾರು 52 ಮಿ.ಮೀ. ಆಗುತ್ತದೆ, ಹಾಗಾಗಿ ಈಗಲೇ 60ರದ್ದನ್ನು ತೆಗೆದುಕೊಳ್ಳುವುದು ಮೇಲು.

ಎರಡು ಮಿ.ಮೀ. ದಪ್ಪದ ಬ್ಲೇಡು ದಪ್ಪ ಉಳಿಯ ಕೆಲಸ ಮಾಡೀತೇ ಎಂಬ ಅನುಮಾನ ಸಹಜ. ಕೆಲಸ ಮಾಡುವ ಭಾಗವನ್ನು ಲೆಕ್ಕ ಹಾಕಿ ನೋಡಿ. ವಿನೀರಿನೊಳಗೆ ಇಳಿಯುವುದು ಅಲಗಿನ ತುದಿಯ 0.6 ಮಿ.ಮೀ. ಮಾತ್ರ. 25 ಡಿಗ್ರಿಗೆ ಮಸೆದ ಬ್ಲೇಡು ಅಷ್ಟು ಇಳಿದಾಗ ಪಕ್ಕಕ್ಕೆ ತಳ್ಳುವುದು ಸುಮಾರು 0.28 ಮಿ.ಮೀ. ಮೇಲಿನ ಉಕ್ಕು ಎಷ್ಟೇ ದಪ್ಪವಿರಲಿ, ಈ ಲೆಕ್ಕ ಬದಲಾಗುವುದಿಲ್ಲ. ದಪ್ಪ ಉಕ್ಕಿನಿಂದ ಸಿಗುವುದು ಅಲುಗದಿರುವ ಗುಣ. ಅದನ್ನು ಮರದ ಹಿಡಿಯಿಂದಲೂ ಪಡೆಯಬಹುದು.

ಹಳೆಯ ಬ್ಲೇಡು ಕೊಳ್ಳುವುದಾದರೆ ಬೆನ್ನನ್ನು ಮೊದಲು ನೋಡಿ. ಬೆನ್ನು ಎಂದರೆ ಓರೆ ಇಲ್ಲದ ಚಪ್ಪಟೆ ಮುಖ. ಅಲಗಿನಿಂದ 10 ಮಿ.ಮೀ. ಒಳಗೆ ತುಕ್ಕಿನ ಗುಳಿಗಳಿದ್ದರೆ ಅದನ್ನು ಬಿಟ್ಟುಬಿಡಿ. ಗುಳಿ ಅಲಗಿಗೆ ಬಂದಲ್ಲೆಲ್ಲ ಬಾಯಿ ಮುರಿದಿರುತ್ತದೆ. ಅಲಗಿನ ಮೂಲೆಗೆ ಸಣ್ಣ ಹಲ್ಲಿನ ಹೊಸ ಅರ ತಾಗಿಸಿ. ಅರ ಜಾರಿದರೆ ಉಕ್ಕು ಗಡುಸಾಗಿದೆ, ಸಲೀಸಾಗಿ ಕಚ್ಚಿ ಪುಡಿ ಉದುರಿದರೆ ಮೆತ್ತಗಾಗಿದೆ. ಅಲಗಿನ ಬಳಿ ನೀಲಿ ಕಲೆ ಕಂಡರೆ ಯಾರೋ ಸಾಣೆಚಕ್ರದಲ್ಲಿ ಕಾಯಿಸಿ ಗಡಸುತನ ಕಳೆದಿದ್ದಾರೆಂದು ತಿಳಿಯಿರಿ.

ಬ್ಲೇಡಿನ ತಲೆಗೆ ಕಬ್ಬಿಣದ ಸುತ್ತಿಗೆಯಿಂದ ನೇರವಾಗಿ ಹೊಡೆಯುವಂತಿಲ್ಲ, ಚೂರು ಸಿಡಿಯಬಹುದು. ಹಿಡಿ ಹೀಗೆ ಮಾಡಿ: 15 ಮಿ.ಮೀ. ದಪ್ಪದ ಗಟ್ಟಿಮರದ ಎರಡು ತುಂಡುಗಳ ನಡುವೆ ಬ್ಲೇಡನ್ನಿಟ್ಟು, ಅದರ ನಡುವಿನ ಉದ್ದ ಸೀಳಿನ ಮೂಲಕ 6 ಮಿ.ಮೀ.ನ ಎರಡು ಬೋಲ್ಟು ಹಾಕಿ ಬಿಗಿಯಿರಿ. ಅಲಗಿನ ಕಡೆ 70 ಮಿ.ಮೀ. ಹೊರಗಿರಲಿ, ತಲೆಯ ಕಡೆ ಮರ 25 ಮಿ.ಮೀ. ಮುಂದಕ್ಕೆ ಚಾಚಿರಲಿ. ಆ ಚಾಚಿದ ಜಾಗದಲ್ಲಿ, ಎರಡು ಮರಗಳ ನಡುವೆ, ಬ್ಲೇಡಿನ ತಲೆಗೆ ತಾಗುವಂತೆ ಒಂದು ಮರದ ಪಟ್ಟಿಯನ್ನು ಅಂಟಿಸಿ. ಇದನ್ನು ಬಿಟ್ಟವರ ಬ್ಲೇಡು ಪ್ರತಿ ಏಟಿಗೂ ಸೀಳಿನಲ್ಲಿ ಮೇಲಕ್ಕೆ ಜಾರುತ್ತದೆ, ಬೋಲ್ಟು ಎಷ್ಟು ಬಿಗಿದರೂ ಅಷ್ಟೇ. ಪಟ್ಟಿಯ ದಪ್ಪ ಬ್ಲೇಡಿಗಿಂತ ಕೂದಲೆಳೆಯಷ್ಟು ಕಡಿಮೆ ಇರಲಿ, ಇಲ್ಲದಿದ್ದರೆ ಮರ ಬ್ಲೇಡನ್ನು ಹಿಡಿಯುವುದಿಲ್ಲ. ಮರದ ಕೊಡತಿಯಿಂದ ಒಂದು ಏಟು, ಅಷ್ಟೇ. ಎರಡನೆಯ ಏಟು ಬೇಕಾಯಿತೆಂದರೆ ಅಲಗು ಮೊಂಡಾಗಿದೆ.

ಪ್ರಶ್ನೆ: ಉಜ್ಜುಗೊರಡಿನ ಬ್ಲೇಡು ಸಿಕ್ಕಿದೆ. ಬೆನ್ನನ್ನು ಇಡಿಯಾಗಿ ಕನ್ನಡಿಯಂತೆ ಉಜ್ಜಬೇಕೇ? ಸಾಣೆಕಲ್ಲು ಇಲ್ಲ.

ಉತ್ತರ: ಇಡಿಯಾಗಿ ಬೇಡ, ಅಲಗಿನಿಂದ 10–15 ಮಿ.ಮೀ. ಸಾಕು. ಆದರೆ ಆ ಪಟ್ಟೆ ಒಂದು ಮೂಲೆಯಿಂದ ಇನ್ನೊಂದು ಮೂಲೆಯವರೆಗೆ ನಿಜಕ್ಕೂ ಸಮತಟ್ಟಾಗಿರಬೇಕು. 8 ಅಥವಾ 10 ಮಿ.ಮೀ. ದಪ್ಪದ ಗಾಜಿನ ಮೇಲೆ ವಾಟರ್ ಪೇಪರ್ (ಒದ್ದೆ ಮಾಡಿ ಬಳಸಬಹುದಾದ ಉಜ್ಜುಕಾಗದ) ಅಂಟಿಸಿ ಉಜ್ಜಿ. ಹಿಡಿ ಜೋಡಿಸುವ ಮೊದಲೇ ಈ ಕೆಲಸ ಮುಗಿಸಬೇಕು, ಆಮೇಲೆ ಬೆನ್ನು ಗಾಜಿನ ಮೇಲೆ ಕೂರುವುದಿಲ್ಲ. ಬೆನ್ನಿಗೆ ಮಾರ್ಕರ್ ಪೆನ್ನಿನಿಂದ ಗೆರೆ ಎಳೆದು 180ನೇ ನಂಬರಿನ ಕಾಗದದ ಮೇಲೆ ನಾಲ್ಕೈದು ಸಲ ಎಳೆದರೆ ಎಲ್ಲಿ ತಗ್ಗಿದೆ ಎಂದು ಕಾಣುತ್ತದೆ. ಗೆರೆ ಅಲಗಿನವರೆಗೂ ಅಳಿಯುವ ತನಕ 180ರಲ್ಲೇ ಇರಿ, ಆಮೇಲೆ 320, 800, 2000. ಅವಸರಪಟ್ಟು 180ರಿಂದ 800ಕ್ಕೆ ಹಾರಿದರೆ ಆಳದ ಗೀರುಗಳು ಉಳಿದು ಅಲಗಿನಲ್ಲಿ ಗರಗಸದ ಹಲ್ಲಿನಂತೆ ಮೂಡುತ್ತವೆ. ಬ್ಲೇಡಿನ ತಲೆಯ ಕಡೆಯನ್ನು ಎತ್ತಬೇಡಿ, ಎತ್ತಿದರೆ ಅಲಗಿನಲ್ಲಿ ಬೆನ್ನು ದುಂಡಾಗುತ್ತದೆ. ಉಜ್ಜುಗೊರಡಿಗಾಗಿ ಮಸೆಯುವವರು ಬೆನ್ನಿನ ಕೆಳಗೆ ತೆಳು ಸ್ಕೇಲು ಇಟ್ಟು ಮೈಯನ್ನು ಕೊಂಚ ಎತ್ತಿ ಉಜ್ಜುವ ಪದ್ಧತಿಯಿದೆ. ಅಲ್ಲಿ ಅದು ಸರಿ. ನಿಮ್ಮ ಬ್ಲೇಡು ಬೆನ್ನನ್ನೇ ಆನಿಕೊಂಡು ನೆಟ್ಟಗೆ ಇಳಿಯಬೇಕಾದ್ದರಿಂದ ಇಲ್ಲಿ ಅದು ತಪ್ಪು.

ಓರೆ ಮುಖಕ್ಕೆ 25 ಡಿಗ್ರಿ ಇಡಿ. 20 ಡಿಗ್ರಿಯಲ್ಲಿ ಇನ್ನೂ ಸಲೀಸಾಗಿ ಇಳಿಯುತ್ತದೆ, ಆದರೆ ಬೀಟೆ, ಎಬೊನಿಯಂಥ ಗಟ್ಟಿಮರದಲ್ಲಿ ತುದಿ ಚೂರಾಗುತ್ತದೆ. ಉರುಳೆಯಿರುವ ಮಸೆಯುವ ಚೌಕಟ್ಟು ಬಳಸಿದರೆ ಎರಡೂ ಮೂಲೆಗಳ ಮೇಲೆ ಬೆರಳಿನ ಒತ್ತಡ ಒಂದೇ ಸಮ ಇರಲಿ. ಉಜ್ಜುಗೊರಡಿನ ಬ್ಲೇಡುಗಳನ್ನು ಹಲವರು ಮೂಲೆ ಸವೆಸಿ ಬಿಲ್ಲಿನಂತೆ ಮಸೆದಿರುತ್ತಾರೆ. ಅಂಥ ಅಲಗು ವಿನೀರಿನ ನಡುವನ್ನು ಕತ್ತರಿಸಿ ಅಂಚುಗಳನ್ನು ಬಿಟ್ಟುಬಿಡುತ್ತದೆ. ಉಕ್ಕಿನ ಸ್ಕೇಲಿನ ಅಂಚಿಗೆ ಅಲಗನ್ನಿಟ್ಟು ಬೆಳಕಿಗೆ ಹಿಡಿಯಿರಿ. ಬೆಳಕು ತೂರಿದರೆ ಮತ್ತೆ ಮಸೆಯಿರಿ. ಕೊನೆಯಲ್ಲಿ ಮಸೆದಾಗ ಅಲಗಿನ ತುದಿಯಲ್ಲಿ ಉಳಿಯುವ ಉಕ್ಕಿನ ತೆಳು ಎಳೆಯನ್ನು ತೆಗೆಯಲು ಬೆನ್ನನ್ನು 2000ದ ಕಾಗದದ ಮೇಲೆ ಚಪ್ಪಟೆಯಾಗಿಯೇ ಎಳೆಯಿರಿ. ಮೆತ್ತನೆ ಚರ್ಮ ಬೇಡ, ಅದರ ಮೇಲೆ ಬೆನ್ನು ದುಂಡಾಗುತ್ತದೆ.

ಪ್ರಶ್ನೆ: ಅಲಗು ಚೂಪಾಗಿದೆ, ಮೂಲೆಮಟ್ಟ ಇಟ್ಟೇ ಕತ್ತರಿಸುತ್ತೇನೆ. ಆದರೂ ಬಿಲ್ಲೆಗಳನ್ನು ಸೇರಿಸಿದಾಗ ಸಂದಿನಲ್ಲಿ ಕಪ್ಪು ಗೆರೆ ಕಾಣುತ್ತದೆ. ತಪ್ಪು ಎಲ್ಲಿ?

ಉತ್ತರ: ಬಹುಮಟ್ಟಿಗೆ ಓರೆ ಮುಖದ ಕಡೆ. ಒಂದು ಏಟಿಗೆ ಎರಡು ಅಂಚು ಹುಟ್ಟುತ್ತವೆ. ಬೆನ್ನಿನ ಕಡೆಯದು ನೆಟ್ಟಗಿರುತ್ತದೆ. ಓರೆಯ ಕಡೆಯದು ಮೇಲ್ಭಾಗದಲ್ಲಿ ಹಿಂದಕ್ಕೆ ಜಜ್ಜಿರುತ್ತದೆ. ಪಟ್ಟಿಯಿಂದ ಒಂದಾದ ಮೇಲೊಂದು ಬಿಲ್ಲೆ ಕತ್ತರಿಸುತ್ತ ಹೋದರೆ ಪ್ರತಿ ಬಿಲ್ಲೆಗೂ ಒಂದು ಒಳ್ಳೆಯ ಅಂಚು, ಒಂದು ಕೆಟ್ಟ ಅಂಚು ಬರುತ್ತದೆ.

ಪ್ರತಿ ಬಿಲ್ಲೆಯನ್ನು ಬೇಕಾದ್ದಕ್ಕಿಂತ 1 ಮಿ.ಮೀ. ಉದ್ದಕ್ಕೆ ಕತ್ತರಿಸಿ. ಆಮೇಲೆ ಒಳ್ಳೆಯ ಅಂಚನ್ನು ತಡೆಪಟ್ಟಿಗೆ ತಾಗಿಸಿ, ಬೆನ್ನು ಬಿಲ್ಲೆಯ ಕಡೆ ಬರುವಂತೆ ಆ 1 ಮಿ.ಮೀ. ಅನ್ನು ಕತ್ತರಿಸಿ ಹಾಕಿ. ಉಪಯೋಗಕ್ಕೆ ಬರುವ ತುಂಡಿನ ಮೇಲೆ 25 ಮಿ.ಮೀ. ಎತ್ತರದ, ಮುಖ ನೆಟ್ಟಗಿರುವ ಮರದ ದಿಮ್ಮಿ ಒತ್ತಿಡಿ, ಬ್ಲೇಡಿನ ಬೆನ್ನನ್ನು ಅದರ ಮುಖಕ್ಕೆ ತಾಗಿಸಿಯೇ ಇಳಿಸಿ. ಬಿಸಾಡುವ ಕಡೆಯನ್ನು ಒತ್ತಿ ಹಿಡಿಯಬೇಡಿ, ಪಕ್ಕಕ್ಕೆ ಸರಿಯಲು ಅದಕ್ಕೆ ಜಾಗ ಬೇಕು.

ಕೆಳಗಿನ ಹಲಗೆಯನ್ನೂ ನೋಡಿ. ರಬ್ಬರಿನಂಥ ಮೆತ್ತನೆ ಹಾಸು ಅಲಗಿನಡಿ ತಗ್ಗಿ, ಕೆಳಮೈಯ ನಾರು ಕತ್ತರಿಸುವ ಬದಲು ಹರಿಯುತ್ತದೆ. ಗಾಜು, ಲೋಹ ಒಂದೇ ಏಟಿಗೆ ಅಲಗನ್ನು ಕೆಡಿಸುತ್ತವೆ. 3 ಮಿ.ಮೀ. ಎಂಡಿಎಫ್ (ಮರದ ನಾರನ್ನು ಒತ್ತಿ ಮಾಡಿದ) ಹಲಗೆ ಸರಿ, ಆದರೆ ಒಂದೇ ಜಾಗದಲ್ಲಿ ಪದೇ ಪದೇ ಹೊಡೆದು ಕಾಲುವೆ ಬಿದ್ದ ಮೇಲೆ ವಿನೀರಿಗೆ ಅಲ್ಲಿ ಆಸರೆ ಇರುವುದಿಲ್ಲ. ಆಗ ಹಲಗೆಯನ್ನು ಕೊಂಚ ಸರಿಸಿ. ಒರಟು ನಾರಿನ ವಿನೀರಾದರೆ ಕತ್ತರಿಸುವ ಗೆರೆಯ ಕೆಳಗೆ ಕಾಗದದ ಟೇಪು ಅಂಟಿಸಿಕೊಳ್ಳಿ.

ಪ್ರಶ್ನೆ: 300 ಮಿ.ಮೀ. ಅಗಲದ ಹಾಳೆಯನ್ನು ಇದೇ ಬ್ಲೇಡಿನಿಂದ ತುಂಡು ತುಂಡಾಗಿ ಹೊಡೆದು ಕತ್ತರಿಸಬಹುದೇ?

ಉತ್ತರ: ಬೇಡ. ಏಟುಗಳು ಸೇರುವ ಕಡೆಯೆಲ್ಲ ಮೆಟ್ಟಿಲು ಬೀಳುತ್ತದೆ. ಉಕ್ಕಿನ ಪಟ್ಟಿಯನ್ನು ಒತ್ತಿ ಹಿಡಿದು ತೆಳು ಚಾಕುವಿನಿಂದ ನಾಲ್ಕೈದು ಹಗುರ ಎಳೆತಗಳಲ್ಲಿ ಕೊಯ್ಯಿರಿ. ಕೊನೆಯ ಅಂಚಿನಿಂದ ಒಳಕ್ಕೆ 10 ಮಿ.ಮೀ. ಮೊದಲೇ ಕೊಯ್ದಿಟ್ಟರೆ ಮೂಲೆ ಸೀಳುವುದಿಲ್ಲ. ನಾರಿನ ಉದ್ದಕ್ಕೆ ಸೀಳುವಾಗಲೂ ಚಾಕುವೇ ಸರಿ.

ಪ್ರಶ್ನೆ: ಗರಗಸದಲ್ಲಿ ಸೀಳಿದ 2 ಮಿ.ಮೀ. ದಪ್ಪದ ವಿನೀರಿಗೆ?

ಉತ್ತರ: ಆ ದಪ್ಪದಲ್ಲಿ 25 ಡಿಗ್ರಿಯ ಅಲಗು ಸುಮಾರು 0.9 ಮಿ.ಮೀ. ಪಕ್ಕಕ್ಕೆ ತಳ್ಳುತ್ತದೆ, ನಾರು ಸೀಳುವುದು ಖಂಡಿತ. ಸಣ್ಣ ಹಲ್ಲಿನ ಗರಗಸದಲ್ಲಿ ಗೆರೆಯಿಂದ ಅರ್ಧ ಮಿ.ಮೀ. ಹೊರಗೆ ಕೊಯ್ದು, ಉಳಿದಷ್ಟನ್ನು ಇದೇ ಬ್ಲೇಡಿನಿಂದ ದಿಮ್ಮಿಗೆ ಆನಿಸಿ ಕೆತ್ತಿ ತೆಗೆಯಿರಿ.